ಬೆದರಿದ ಮೊಲವನ್ನು ಮತ್ತೆ ಪಳಗಿಸುವುದು ಹೇಗೆ?

ಹಿತ್ತಲಿನಲ್ಲಿ ಒಂದೆರಡು ಮೊಲಗಳನ್ನು ಸಾಕುವ ಪದ್ಧತಿ ಹಳ್ಳಿ, ಪಟ್ಟಣಗಳೆರಡರಲ್ಲೂ ಕಂಡುಬರುತ್ತದೆ. ಕೆಲವರು ಮಕ್ಕಳ ಆಸೆಗಾಗಿ ಸಾಕಿದರೆ, ಮತ್ತೆ ಕೆಲವರು ಮರಿ ಮಾರಾಟದಿಂದ ಬರುವ ಸಣ್ಣ ವರಮಾನಕ್ಕಾಗಿ ನ್ಯೂಜಿಲೆಂಡ್ ವೈಟ್, ಸೋವಿಯತ್ ಚಿಂಚಿಲ್ಲಾ ಮುಂತಾದ ತಳಿಗಳನ್ನು ಸಾಕುತ್ತಾರೆ. ಉದ್ದೇಶ ಯಾವುದೇ ಇರಲಿ, ಮೊಲ ಸಾಕುವವರಿಗೆ ಒಂದಲ್ಲ ಒಂದು ದಿನ ಎದುರಾಗುವ ತೊಂದರೆ ಒಂದಿದೆ. ತಂದ ಹೊಸತರಲ್ಲಿ ಕೈಯಿಂದಲೇ ಸೊಪ್ಪು ತಿನ್ನುತ್ತಿದ್ದ ಮೊಲ ಕೆಲವು ತಿಂಗಳಾದ ಮೇಲೆ ಮನುಷ್ಯರ ನೆರಳು ಕಂಡರೂ ಗೂಡಿನ ಮೂಲೆ ಸೇರುತ್ತದೆ. ಕೈ ಹಾಕಿದರೆ ಪರಚುತ್ತದೆ, ಕೆಲವೊಮ್ಮೆ ಕಚ್ಚುತ್ತದೆ.

ಇಂಥ ಸಂದರ್ಭ ಹೇಗೆ ಬರುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಎರಡು ತಿಂಗಳ ಮರಿಯನ್ನು ತಂದಾಗ ಮನೆಮಂದಿಯೆಲ್ಲ ಅದರ ಸುತ್ತ ಇರುತ್ತಾರೆ. ಮರಿ ದೊಡ್ಡದಾದಂತೆ ಗೂಡನ್ನು ಕೊಟ್ಟಿಗೆಯ ಪಕ್ಕಕ್ಕೆ ಸಾಗಿಸುತ್ತಾರೆ. ಅಲ್ಲಿಂದ ನಾಲ್ಕು ಮಾರು ದೂರದಲ್ಲಿ ನಾಯಿ ಕಟ್ಟಿರುತ್ತದೆ. ಗೂಡು ತೊಳೆಯುವಾಗ ಅವಸರದಲ್ಲಿ ಕಿವಿ ಹಿಡಿದು ಎತ್ತುತ್ತಾರೆ. ಹಬ್ಬದ ದಿನ ಗೂಡಿನ ಹತ್ತಿರವೇ ಪಟಾಕಿ ಸಿಡಿಯುತ್ತದೆ. ನಂತರ ಒಂದು ದಿನ ಮೊಲ ಹುಡುಗನ ಕೈ ಕಚ್ಚಿದಾಗ, "ಇದರ ಗುಣ ಕೆಟ್ಟಿದೆ, ಯಾರಿಗಾದರೂ ಕೊಟ್ಟುಬಿಡಿ" ಎಂಬ ಮಾತು ಬರುತ್ತದೆ.

ವಾಸ್ತವವಾಗಿ ಮೊಲದ ಗುಣ ಕೆಟ್ಟಿರುವುದಿಲ್ಲ. ಮನುಷ್ಯರ ಕೈ ತನಗೆ ಅಪಾಯ ಎಂಬುದನ್ನು ಅದು ಕಲಿತಿರುತ್ತದೆ. ಹೀಗೆ ಕಲಿತದ್ದನ್ನು ಕ್ರಮವರಿತು ಮರೆಸಲು ಸಾಧ್ಯವಿದೆ. ಇದಕ್ಕೆ ಹಣ ಬೇಕಿಲ್ಲ, ತಾಳ್ಮೆ ಮತ್ತು ಮೊಲದ ಸ್ವಭಾವದ ತಿಳಿವಳಿಕೆ ಬೇಕು.

ಅಂಜಿಕೆಯಿಂದ ಆಗುವ ನಷ್ಟ

ಮೊಲದ ಅಂಜಿಕೆಯನ್ನು ಸಣ್ಣ ವಿಷಯವೆಂದು ಕಡೆಗಣಿಸುವುದು ಸರಿಯಲ್ಲ. ಮೊಲದ ಮೂಳೆಗಳು ಬಹಳ ಹಗುರ. ಅದರ ಅಸ್ಥಿಪಂಜರದ ತೂಕ ದೇಹತೂಕದ ಸುಮಾರು ಶೇಕಡ 7ರಿಂದ 8ರಷ್ಟು ಮಾತ್ರ. ಆದರೆ ಹಿಂಗಾಲಿನ ಸ್ನಾಯುಗಳು ಬಲು ಬಲವಾದವು. ಹೆದರಿದ ಮೊಲ ಕೈಯಲ್ಲಿ ಒದ್ದಾಡಿ ಜೋರಾಗಿ ಒದ್ದಾಗ ತನ್ನ ಬಲಕ್ಕೆ ತನ್ನದೇ ಸೊಂಟದ ಬೆನ್ನುಮೂಳೆ ಮುರಿಯುವುದುಂಟು. ಹೀಗಾದಲ್ಲಿ ಹಿಂಗಾಲುಗಳು ಸ್ವಾಧೀನ ತಪ್ಪುತ್ತವೆ. ಇದು ಬಹುಪಾಲು ವಾಸಿಯಾಗುವುದಿಲ್ಲ.

ಎರಡನೆಯದಾಗಿ, ಹೆದರಿದ ಮೊಲ ಮೇವು ಬಿಡುತ್ತದೆ. ಮೊಲದ ಕರುಳಿನಲ್ಲಿ ಆಹಾರ ಸದಾ ಮುಂದೆ ಸಾಗುತ್ತಿರಬೇಕು. ಹನ್ನೆರಡು ಗಂಟೆಗಳ ಕಾಲ ಏನೂ ತಿನ್ನದೆ, ಹಿಕ್ಕೆಯನ್ನೂ ಹಾಕದೆ ಕುಳಿತ ಮೊಲ ಅಪಾಯದಲ್ಲಿದೆ ಎಂದೇ ತಿಳಿಯಬೇಕು. ಮೂರನೆಯದಾಗಿ, ಬೆದರಿದ ಹೆಣ್ಣು ಮೊಲ ಮರಿಗಳ ಮೇಲೆ ಹಾರಿ ತುಳಿಯುವುದು, ಮರಿಗಳನ್ನು ಪೆಟ್ಟಿಗೆಯಿಂದ ಹೊರಗೆ ಚೆಲ್ಲುವುದು, ಹಾಲುಣಿಸದೆ ಬಿಡುವುದು, ಕೆಲವೊಮ್ಮೆ ತಿಂದೇ ಬಿಡುವುದು ಉಂಟು. ಮರಿ ಮಾರಾಟವನ್ನು ನೆಚ್ಚಿದವರಿಗೆ ಒಂದು ರಾತ್ರಿ ನಾಯಿ ನುಗ್ಗಿದರೂ ಇಡೀ ಸೂಲಿನ ಮರಿಗಳು ಕೈಬಿಟ್ಟು ಹೋಗಬಹುದು.

ಮೊಲದ ಸ್ವಭಾವ

ಮೊಲವು ಬೇಟೆಗೆ ಗುರಿಯಾಗುವ ಪ್ರಾಣಿ. ಅದರ ದೇಹ ರಚನೆಯೆಲ್ಲವೂ ಅಪಾಯವನ್ನು ಮೊದಲೇ ಅರಿತು ಓಡುವುದಕ್ಕಾಗಿಯೇ ಇದೆ. ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ತಲೆ ತಿರುಗಿಸದೆಯೇ ಹೆಚ್ಚುಕಡಿಮೆ ಸುತ್ತಲೂ ನೋಡಬಲ್ಲದು. ಹದ್ದು, ಗಿಡುಗಗಳು ಮೇಲಿನಿಂದ ಎರಗುವುದರಿಂದ, ಮೇಲಿನಿಂದ ಇಳಿದು ಬರುವ ಯಾವುದೇ ವಸ್ತು ಅದಕ್ಕೆ ಭಯ ಹುಟ್ಟಿಸುತ್ತದೆ. ಆದರೆ ಮೂಗಿನ ನೇರ ಮುಂದೆ ಮತ್ತು ಗದ್ದದ ಕೆಳಗೆ ಅದಕ್ಕೆ ಸರಿಯಾಗಿ ಕಾಣಿಸದು. ಮೂಗಿಗೆ ನೇರವಾಗಿ ಕೈ ಚಾಚಿದಾಗ ಮೊಲ ಬೆಚ್ಚಿ ಕಚ್ಚುವುದಕ್ಕೆ ಇದೂ ಒಂದು ಕಾರಣ.

ಮೊಲದ ಕಿವಿಗಳು ಒಂದೊಂದೂ ಬೇರೆ ಬೇರೆ ದಿಕ್ಕಿಗೆ ತಿರುಗಬಲ್ಲವು. ಮೂಗೂ ಬಹಳ ಚುರುಕು. ನಾಯಿಯನ್ನು ಮುಟ್ಟಿದ ಕೈಯಿಂದಲೇ ಮೊಲವನ್ನು ಮುಟ್ಟಿದರೆ ಅದರ ಪಾಲಿಗೆ ನಾಯಿಯೇ ಬಂದಂತೆ.

ಮೊಲ ಹೆಚ್ಚು ಚಟುವಟಿಕೆಯಿಂದಿರುವುದು ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ. ಹಗಲು ಹೊತ್ತು ಅದಕ್ಕೆ ವಿಶ್ರಾಂತಿಯ ಸಮಯ. ಮಧ್ಯಾಹ್ನ ಮಲಗಿದ ಮೊಲವನ್ನು ಎಳೆದು ಆಡಿಸುವುದು ಅದರ ಪಾಲಿಗೆ ದೊಡ್ಡ ಕಿರುಕುಳ.

ಇಲ್ಲಿ ಇನ್ನೊಂದು ವಿಷಯವನ್ನು ಸ್ಪಷ್ಟಪಡಿಸುವುದು ಅವಶ್ಯಕ. ಸಾಕುಮೊಲ ಮತ್ತು ನಮ್ಮ ಹೊಲಗಳಲ್ಲಿ ಕಾಣುವ ಕಾಡುಮೊಲ ಒಂದೇ ಅಲ್ಲ. ಸಾಕುಮೊಲದ ಮೂಲ ಯೂರೋಪಿನ ಬಿಲವಾಸಿ ಮೊಲ. ಅದರ ಮರಿಗಳು ಹುಟ್ಟುವಾಗ ಕೂದಲಿಲ್ಲದೆ, ಕಣ್ಣು ಮುಚ್ಚಿಕೊಂಡಿರುತ್ತವೆ. ಕಾಡುಮೊಲದ ಮರಿಗಳು ಹುಟ್ಟುವಾಗಲೇ ಕೂದಲು ಹೊಂದಿ, ಕಣ್ಣು ತೆರೆದಿರುತ್ತವೆ. ಕಾಡುಮೊಲವನ್ನು ಹಿಡಿಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಕೊಯ್ಲಿನ ವೇಳೆ ಹೊಲದಲ್ಲಿ ಒಂಟಿ ಮರಿ ಕಂಡರೆ ಅದನ್ನು ಮನೆಗೆ ತರದೆ ಇದ್ದಲ್ಲೇ ಬಿಡಬೇಕು. ಈ ಲೇಖನದಲ್ಲಿ ಹೇಳುವ ಕ್ರಮಗಳೆಲ್ಲ ಸಾಕುಮೊಲಕ್ಕೆ ಮಾತ್ರ ಅನ್ವಯಿಸುತ್ತವೆ.

ಬೆದರಿಕೆಯ ಚಿಹ್ನೆಗಳು

ಮೊಲ ಸಾಮಾನ್ಯವಾಗಿ ಕೂಗುವ ಪ್ರಾಣಿಯಲ್ಲ. ಅದರ ಮನಸ್ಸನ್ನು ಮೈಯ ಭಂಗಿಯಿಂದಲೇ ತಿಳಿಯಬೇಕು. ಬೆದರಿದ ಮೊಲದಲ್ಲಿ ಈ ಕೆಳಗಿನ ಚಿಹ್ನೆಗಳು ಕಾಣಿಸುತ್ತವೆ.

1. ಮೈಯನ್ನು ನೆಲಕ್ಕೆ ಅಂಟಿಸಿ, ಕಿವಿಗಳನ್ನು ಬೆನ್ನಿಗೆ ಒತ್ತಿಕೊಂಡು ಅಲುಗಾಡದೆ ಕೂರುವುದು.
2. ಕಣ್ಣು ಹೊರಕ್ಕೆ ಉಬ್ಬಿ, ಬಿಳಿಭಾಗ ಕಾಣಿಸುವುದು.
3. ಉಸಿರಾಟ ತೀವ್ರವಾಗುವುದು. ಆರೋಗ್ಯವಂತ ಮೊಲ ವಿಶ್ರಾಂತಿಯಲ್ಲಿದ್ದಾಗ ನಿಮಿಷಕ್ಕೆ 30ರಿಂದ 60 ಬಾರಿ ಉಸಿರಾಡುತ್ತದೆ.
4. ಹಿಂಗಾಲನ್ನು ನೆಲಕ್ಕೆ ದಪ್ಪನೆ ಬಡಿಯುವುದು. ಇದು ಇತರ ಮೊಲಗಳಿಗೂ ಅಪಾಯದ ಸೂಚನೆ.
5. ಗುರುಗುಟ್ಟುವುದು, ಮುಂಗಾಲಿನಿಂದ ಹೊಡೆಯುವುದು, ಮುನ್ನುಗ್ಗಿ ಕಚ್ಚುವುದು.
6. ಅತಿಯಾದ ಭಯ ಅಥವಾ ನೋವಿನಲ್ಲಿ ಕೀರಲು ದನಿಯಲ್ಲಿ ಚೀರುವುದು.

ಇವುಗಳಲ್ಲಿ ಮೊದಲನೆಯ ಚಿಹ್ನೆ ಅನೇಕರನ್ನು ದಾರಿ ತಪ್ಪಿಸುತ್ತದೆ. ಅಲುಗಾಡದೆ ಕುಳಿತ ಮೊಲವನ್ನು ಸಾಧುವಾಗಿದೆ ಎಂದು ಭಾವಿಸಿ ಸವರುವುದು ಸಾಮಾನ್ಯ. ಹಾಗೆಯೇ ಮೊಲವನ್ನು ಅಂಗಾತ ಮಲಗಿಸಿದಾಗ ಅದು ಸತ್ತಂತೆ ಸುಮ್ಮನಾಗುವುದನ್ನು ನೋಡಿ, ನಿದ್ದೆ ಬಂದಿದೆ ಎಂದು ಮಕ್ಕಳು ನಗುವುದುಂಟು. ಇದು ನಿದ್ದೆಯಲ್ಲ. ತಪ್ಪಿಸಿಕೊಳ್ಳಲು ದಾರಿಯೇ ಇಲ್ಲವೆಂದಾಗ ಬರುವ ಮರಗಟ್ಟುವಿಕೆ. ಈ ಆಟವನ್ನು ಸಂಪೂರ್ಣವಾಗಿ ಬಿಡಬೇಕು.

ನೆಮ್ಮದಿಯಿಂದಿರುವ ಮೊಲ ಹಿಂಗಾಲು ಚಾಚಿ ಮಲಗುತ್ತದೆ, ಮುಖ ತೊಳೆದುಕೊಳ್ಳುತ್ತದೆ, ಮನುಷ್ಯರ ಎದುರಿಗೇ ಮೇವು ತಿನ್ನುತ್ತದೆ. ಗದ್ದವನ್ನು ವಸ್ತುಗಳಿಗೆ ಉಜ್ಜಿ ತನ್ನ ವಾಸನೆ ಹಚ್ಚುತ್ತದೆ. ಬಹಳ ಖುಷಿಯಾದಾಗ ಗಾಳಿಯಲ್ಲಿ ಮೈ ತಿರುಚಿ ಜಿಗಿಯುತ್ತದೆ.

ಮೊದಲು ಕಾಯಿಲೆ ಪರೀಕ್ಷೆ

ಪಳಗಿಸುವ ಕೆಲಸಕ್ಕೆ ಕೈಹಾಕುವ ಮುನ್ನ ಮೊಲಕ್ಕೆ ನೋವೇನಾದರೂ ಇದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ನೋವಿರುವ ಮೊಲಕ್ಕೆ ಎಷ್ಟು ಪ್ರೀತಿ ತೋರಿದರೂ ಅದು ಮುಟ್ಟಿಸಿಕೊಳ್ಳುವುದಿಲ್ಲ. ಮುಖ್ಯವಾಗಿ ನೋಡಬೇಕಾದವು ಇವು.

ಕಿವಿ: ಕಿವಿಯೊಳಗೆ ಕಂದು ಬಣ್ಣದ ದಪ್ಪ ಹಕ್ಕಳೆ ಕಟ್ಟಿದ್ದು, ಮೊಲ ಪದೇ ಪದೇ ತಲೆ ಒದರುತ್ತಿದ್ದರೆ ಅದು ನುಸಿಯಿಂದ ಬರುವ ಕಿವಿ ಕಜ್ಜಿ. ಹಕ್ಕಳೆಯನ್ನು ಉಗುರಿನಿಂದ ಕೀಳಬಾರದು. ಕೆಳಗಿನ ಚರ್ಮ ಹಸಿ ಗಾಯವಾಗಿರುತ್ತದೆ.

ಹಲ್ಲು: ಮೊಲದ ಹಲ್ಲುಗಳು ಜೀವಮಾನವೆಲ್ಲ ಬೆಳೆಯುತ್ತಲೇ ಇರುತ್ತವೆ. ನಾರಿನ ಮೇವು ಸಾಲದಿದ್ದರೆ ಹಲ್ಲು ಸರಿಯಾಗಿ ಸವೆಯದೆ ಬಾಯಿಗೆ ಚುಚ್ಚುತ್ತದೆ. ಜೊಲ್ಲು ಸುರಿಯುವುದು, ಗದ್ದ ಒದ್ದೆಯಾಗಿರುವುದು, ಮೇವಿನ ಹತ್ತಿರ ಬಂದು ತಿನ್ನದೆ ಹಿಂದಿರುಗುವುದು ಇದರ ಲಕ್ಷಣ.

ಅಂಗಾಲು: ತಂತಿ ಬಲೆಯ ಮೇಲೆಯೇ ಸದಾ ಇರುವ ಭಾರವಾದ ಮೊಲಗಳಿಗೆ ಹಿಂಗಾಲಿನ ಅಡಿಯಲ್ಲಿ ಹುಣ್ಣಾಗುತ್ತದೆ. ಗೂಡಿನ ಒಂದು ಭಾಗಕ್ಕೆ ಮರದ ಹಲಗೆ ಹಾಸಿ, ಅದನ್ನು ಒಣದಾಗಿಡಬೇಕು.

ಸೆಕೆ: ಮೊಲ ಬೆವರುವುದಿಲ್ಲ. ಉಷ್ಣಾಂಶ 30 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದಕ್ಕೆ ತೊಂದರೆ ಆರಂಭವಾಗುತ್ತದೆ. ಬಯಲುಸೀಮೆಯ ಬೇಸಿಗೆಯಲ್ಲಿ ತಗಡಿನ ಚಾವಣಿಯ ಕೆಳಗಿರುವ ಮೊಲ ಏದುಸಿರು ಬಿಡುತ್ತಿದ್ದರೆ ಅದನ್ನು ಬೆದರಿಕೆಯೆಂದು ತಪ್ಪು ತಿಳಿಯಬಾರದು.

ರೋಗದ ಸಂಶಯ ಬಂದಲ್ಲಿ ಪಶುವೈದ್ಯರ ಸಲಹೆ ಪಡೆಯಬೇಕು. ಸ್ವಂತ ಚಿಕಿತ್ಸೆ ಅಪಾಯಕರ. ನಾಯಿಗಳ ಉಣ್ಣೆ, ಚಿಗಟಕ್ಕೆ ಬಳಸುವ ಫಿಪ್ರೊನಿಲ್ ಔಷಧಿ ಮೊಲಕ್ಕೆ ವಿಷ. ಬಾಯಿಯ ಮೂಲಕ ಕೊಡುವ ಪೆನಿಸಿಲಿನ್, ಆಂಪಿಸಿಲಿನ್ ಗುಂಪಿನ ಔಷಧಿಗಳು ಕರುಳಿನ ಉಪಯುಕ್ತ ಜೀವಾಣುಗಳನ್ನು ಕೆಡಿಸಿ ಸಾವಿಗೂ ಕಾರಣವಾಗಬಹುದು.

ಕಾರಣವನ್ನು ಹುಡುಕುವುದು

ಕಾಯಿಲೆ ಇಲ್ಲವೆಂದು ತಿಳಿದ ಮೇಲೆ, ಮೊಲ ಯಾವಾಗಿನಿಂದ ಅಂಜತೊಡಗಿತು, ಆಗ ಏನು ಬದಲಾಯಿತು ಎಂಬುದನ್ನು ನೆನಪಿಸಿಕೊಳ್ಳಬೇಕು. ಗೂಡಿನ ಜಾಗ ಬದಲಾಯಿತೇ? ನಾಯಿ, ಬೆಕ್ಕು, ಮುಂಗುಸಿ, ಹೆಗ್ಗಣ ರಾತ್ರಿ ಗೂಡಿನ ಸುತ್ತ ಸುಳಿಯುತ್ತಿವೆಯೇ? ಗೂಡಿನ ಕೆಳಗಿನ ಮಣ್ಣಿನ ಮೇಲೆ ಸಂಜೆ ಸ್ವಲ್ಪ ಬೂದಿ ಎರಚಿ ಬೆಳಿಗ್ಗೆ ನೋಡಿದರೆ ಹೆಜ್ಜೆ ಗುರುತುಗಳು ಉತ್ತರ ಹೇಳುತ್ತವೆ. ಒಕ್ಕಣೆ ಯಂತ್ರ, ಪಂಪ್‌ಸೆಟ್, ಪಟಾಕಿ, ಜಾತ್ರೆಯ ಧ್ವನಿವರ್ಧಕ ಇವೂ ಕಾರಣವಾಗಬಹುದು. ಜೊತೆಗಿದ್ದ ಮೊಲ ಸತ್ತರೂ, ಮಾರಾಟವಾದರೂ ಉಳಿದದ್ದು ಅಂಜುಬುರುಕಾಗುವುದುಂಟು.

ಬಹಳ ಸಲ ಕಾರಣ ಮನುಷ್ಯರ ಕೈಯೇ ಆಗಿರುತ್ತದೆ. ಕಿವಿ ಹಿಡಿದು ಎತ್ತಿದ್ದು, ಓಡಿಸಿ ಓಡಿಸಿ ಹಿಡಿದದ್ದು, ಗೂಡಿನಿಂದ ಎಳೆದದ್ದು, ಚುಚ್ಚುಮದ್ದಿಗಾಗಿ ಮಾತ್ರ ಕೈಹಾಕಿದ್ದು, ಇಂಥವನ್ನು ಮೊಲ ಮರೆಯುವುದಿಲ್ಲ. "ತಾನು ಹಿಡಿದ ಮೊಲಕ್ಕೆ ಮೂರೇ ಕಾಲು" ಎಂಬಂತೆ ತಪ್ಪನ್ನೆಲ್ಲ ಮೊಲದ ಮೇಲೆಯೇ ಹೊರಿಸಿದರೆ ಪರಿಹಾರ ಸಿಗುವುದಿಲ್ಲ. ಕಾರಣ ಉಳಿದಿರುವಾಗ ಪಳಗಿಸುವ ಪ್ರಯತ್ನ ಸೋರುವ ಗಡಿಗೆಗೆ ನೀರು ತುಂಬಿದಂತೆ.

ಗೂಡಿನಲ್ಲಿ ಮಾಡಬೇಕಾದ ಬದಲಾವಣೆಗಳು

ಬೆದರಿದ ಮೊಲಕ್ಕೆ ಮೊದಲು ಬೇಕಾದದ್ದು ಅಡಗುವ ತಾಣ. ಮೊಲ ಸರಾಗವಾಗಿ ಒಳಹೊಕ್ಕು ತಿರುಗುವಷ್ಟು ದೊಡ್ಡದಾದ ಹಳೆಯ ಮರದ ಪೆಟ್ಟಿಗೆಯನ್ನು ಮಗುಚಿ, ಎರಡು ಕಡೆ ಬಾಗಿಲು ಕೊರೆದು ಗೂಡಿನಲ್ಲಿಡಬೇಕು. ಒಂದೇ ಬಾಗಿಲಿದ್ದರೆ ಸಿಕ್ಕಿಬಿದ್ದ ಭಾವನೆ ಬರುತ್ತದೆ. ಅಡಗಲು ಜಾಗ ಕೊಟ್ಟರೆ ಮೊಲ ಇನ್ನಷ್ಟು ದೂರವಾಗುತ್ತದೆ ಎಂಬ ಶಂಕೆ ಸಹಜ. ಆದರೆ ನಡೆಯುವುದು ಇದಕ್ಕೆ ವಿರುದ್ಧ. ಬೇಕೆಂದಾಗ ಓಡಿ ಅಡಗಬಹುದು ಎಂಬ ಭರವಸೆ ಇರುವ ಮೊಲವೇ ಧೈರ್ಯದಿಂದ ಹೊರಗೆ ಬರುತ್ತದೆ. ಪೆಟ್ಟಿಗೆಯೊಳಗಿರುವ ಮೊಲವನ್ನು ಯಾವ ಕಾರಣಕ್ಕೂ ಕೈಹಾಕಿ ಎಳೆಯಬಾರದು.

ಗೂಡಿನ ಮೂರು ಪಕ್ಕಗಳಿಗೆ ಗೋಣಿ ಚೀಲ ಅಥವಾ ತಡಿಕೆ ಕಟ್ಟಿ ಮರೆ ಮಾಡಬೇಕು. ಗಾಳಿಯಾಟ ನಿಲ್ಲದಂತೆ ಮೇಲ್ಭಾಗದಲ್ಲಿ ತೆರವು ಬಿಡಬೇಕು. ಗೂಡು ನೆಲದಿಂದ ಎರಡೂವರೆ, ಮೂರು ಅಡಿ ಎತ್ತರದಲ್ಲಿದ್ದರೆ ಒಳ್ಳೆಯದು. ಬಾಗಿಲು ಮೇಲ್ಗಡೆ ಇದ್ದಲ್ಲಿ ಸಾಧ್ಯವಾದರೆ ಪಕ್ಕಕ್ಕೆ ಬದಲಾಯಿಸಬೇಕು. ಮೇಲಿನಿಂದ ಇಳಿಯುವ ಕೈ ಗಿಡುಗನಂತೆ ಕಾಣುತ್ತದೆ ಎಂಬುದನ್ನು ನೆನಪಿಡಬೇಕು. ನಾಯಿಯನ್ನು ಕಾಣದಷ್ಟು ದೂರ ಕಟ್ಟಬೇಕು. ಹಬ್ಬದ ದಿನಗಳಲ್ಲಿ ಗೂಡನ್ನು ಒಳಕೋಣೆಗೆ ಸಾಗಿಸಿ, ಹುಲ್ಲು ಹೆಚ್ಚಾಗಿ ಹಾಕಬೇಕು.

ಪಳಗಿಸುವ ಹಂತಗಳು

ಈ ಕೆಲಸವನ್ನು ಮನೆಯಲ್ಲಿ ಒಬ್ಬರೇ ವಹಿಸಿಕೊಳ್ಳಬೇಕು. ದಿನಕ್ಕೆ ಎರಡು ಬಾರಿ, ನಸುಕಿನಲ್ಲಿ ಮತ್ತು ಸಂಜೆ, ಪ್ರತಿದಿನ ಅದೇ ವೇಳೆಗೆ ಹತ್ತರಿಂದ ಹದಿನೈದು ನಿಮಿಷ ಸಾಕು. ಹತ್ತಿರ ಬರುವಾಗ ಪ್ರತಿಸಲ ಒಂದೇ ರೀತಿಯ ಮೆಲುದನಿಯ ಕರೆ ಕೊಡಬೇಕು. ಕದ್ದು ಬಂದಂತೆ ಸದ್ದಿಲ್ಲದೆ ಬರುವುದು ತಪ್ಪು, ಬೇಟೆಯಾಡುವ ಪ್ರಾಣಿಯೂ ಹಾಗೆಯೇ ಬರುತ್ತದೆ.

ಮೊದಲನೆಯ ಹಂತ - ಸುಮ್ಮನೆ ಕೂರುವುದು: ಗೂಡಿನಿಂದ ಸ್ವಲ್ಪ ದೂರದಲ್ಲಿ, ಮೊಲಕ್ಕೆ ಪಕ್ಕ ತಿರುಗಿ ಕುಳಿತುಕೊಳ್ಳಬೇಕು. ದಿಟ್ಟಿಸಿ ನೋಡಬಾರದು, ಕೈ ಚಾಚಬಾರದು. ಸೊಪ್ಪು ಬಿಡಿಸುವುದು, ಕಾಳು ಆರಿಸುವುದು ಮುಂತಾದ ಸದ್ದಿಲ್ಲದ ಕೆಲಸ ಮಾಡುತ್ತಿರಬಹುದು. ಮನುಷ್ಯರು ಬಂದರೂ ಏನೂ ಆಗುವುದಿಲ್ಲ ಎಂಬುದನ್ನು ಮೊಲ ಕಲಿಯುವುದೇ ಈ ಹಂತದ ಉದ್ದೇಶ. ಮೊಲ ತನ್ನ ಪಾಡಿಗೆ ಮೇಯತೊಡಗಿದರೆ, ಮುಖ ತೊಳೆದುಕೊಂಡರೆ ಈ ಹಂತ ಮುಗಿದಂತೆ.

ಎರಡನೆಯ ಹಂತ - ಮೇವಿನ ಮೂಲಕ ಸಮೀಪಿಸುವುದು: ಮೊಲಕ್ಕೆ ಬಹಳ ಇಷ್ಟವಾದ ಸೊಪ್ಪನ್ನು ಈ ಹೊತ್ತಿಗೆಂದೇ ಮೀಸಲಿಡಬೇಕು. ಕೊತ್ತಂಬರಿ ಸೊಪ್ಪು, ದಾಸವಾಳದ ಎಲೆ, ಕುದುರೆ ಮಸಾಲೆ ಸೊಪ್ಪಿನ ಕುಡಿ ಇವು ಉತ್ತಮ. ಗಜ್ಜರಿ ಅಥವಾ ಬಾಳೆಹಣ್ಣನ್ನು ಹೆಬ್ಬೆರಳ ಉಗುರಿನಷ್ಟು ಚೂರು ಮಾತ್ರ ಕೊಡಬೇಕು. ಬಿಸ್ಕತ್ತು, ಬೆಲ್ಲ, ಅನ್ನ, ರೊಟ್ಟಿ ಕೊಡಬಾರದು. ಇವು ಹೊಟ್ಟೆ ಕೆಡಿಸುತ್ತವೆ. ಸೊಪ್ಪನ್ನು ಮೊದಲು ದೂರದಲ್ಲಿಟ್ಟು, ದಿನದಿಂದ ದಿನಕ್ಕೆ ಕುಳಿತವರ ಕಡೆಗೆ ಒಂದೊಂದು ಗೇಣು ಹತ್ತಿರ ತರಬೇಕು. ಮಾಮೂಲಿನ ಹುಲ್ಲನ್ನು ಮಾತ್ರ ಯಾವಾಗಲೂ ಗೂಡಿನಲ್ಲಿ ಇಟ್ಟಿರಬೇಕು. ಹಸಿವಿನಿಂದ ಬಗ್ಗಿಸುತ್ತೇವೆಂದು ಮೇವು ನಿಲ್ಲಿಸಿದರೆ ಮೊಲದ ಪ್ರಾಣಕ್ಕೇ ಅಪಾಯ.

ಮೂರನೆಯ ಹಂತ - ಕೈಯಿಂದ ತಿನ್ನಿಸುವುದು: ಅಂಗೈಯನ್ನು ನೆಲದ ಮೇಲಿಟ್ಟು, ಅದರ ಮೇಲೆ ಸೊಪ್ಪಿಡಬೇಕು. ಉದ್ದನೆಯ ಕಡ್ಡಿಯಿರುವ ಸೊಪ್ಪಾದರೆ ಆರಂಭಕ್ಕೆ ಅನುಕೂಲ. ಮೊಲ ಬಂದು ಮೂಸಿ ಹಿಂದಕ್ಕೆ ಹೋದರೂ ಕೈಯನ್ನು ಮುಂದೆ ಸರಿಸಬಾರದು. ಇಲ್ಲಿ ನಡೆದು ಬರಬೇಕಾದದ್ದು ಮೊಲ, ಕೈಯಲ್ಲ.

ನಾಲ್ಕನೆಯ ಹಂತ - ಮುಟ್ಟುವುದು: ಮೊಲ ಹಲವು ದಿನ ನಿಶ್ಚಿಂತೆಯಿಂದ ಕೈಯಿಂದ ತಿಂದ ಮೇಲೆ, ಒಂದು ಬೆರಳಿನಿಂದ ಹಣೆಯನ್ನು ಮೆಲ್ಲಗೆ ಸವರಬಹುದು. ಕೈ ಪಕ್ಕದಿಂದ, ಅದಕ್ಕೆ ಕಾಣುವಂತೆ ಬರಬೇಕು. ಒಂದೆರಡು ಸಲ ಸವರಿ ಕೈ ತೆಗೆಯಬೇಕು. ಮೊಲ ತಲೆ ತಗ್ಗಿಸಿ ಅಲ್ಲೇ ನಿಂತರೆ ಇನ್ನೂ ಬೇಕೆಂದು ಅರ್ಥ. ಸರಿದರೆ ಆ ದಿನಕ್ಕೆ ಅಷ್ಟೇ ಸಾಕು. ಹೊಟ್ಟೆ, ಪಾದ, ಬಾಲ, ಗದ್ದಗಳನ್ನು ಮುಟ್ಟಲು ಹೋಗಬಾರದು.

ಒಂದು ಹಂತ ಪೂರ್ತಿಯಾಗದೆ ಮುಂದಿನದಕ್ಕೆ ಹೋಗಕೂಡದು. ಮೊಲ ಹೆದರಿ ಹಿಂಜರಿದರೆ ಒಂದು ಹಂತ ಹಿಂದಕ್ಕೆ ಬರಬೇಕು. ಎಷ್ಟು ದಿನ ಬೇಕು ಎಂಬುದಕ್ಕೆ ಒಂದೇ ಲೆಕ್ಕವಿಲ್ಲ. ಸ್ವಲ್ಪ ಬೆದರಿದ ಮರಿ ವಾರದೊಳಗೆ ಸುಧಾರಿಸಬಹುದು. ಬಹಳ ಕಾಲ ಒರಟು ಕೈಗೆ ಸಿಕ್ಕ ದೊಡ್ಡ ಮೊಲಕ್ಕೆ ತಿಂಗಳುಗಳೇ ಬೇಕಾಗಬಹುದು. ಗೋಡೆಯ ಮೇಲೆ ತೂಗುಹಾಕಿದ ಪಂಚಾಂಗದ ಹಾಳೆಯಲ್ಲಿ ದಿನವೂ ಮೊಲ ಎಷ್ಟು ಹತ್ತಿರ ಬಂತೆಂದು ಗುರುತು ಹಾಕಿದರೆ, ಕಣ್ಣಿಗೆ ಕಾಣದ ಪ್ರಗತಿಯೂ ಗೊತ್ತಾಗುತ್ತದೆ.

ಗೂಡು ತೊಳೆಯುವಾಗ ಏನು ಮಾಡಬೇಕು?

ಪಳಗಿಸುವ ಕೆಲಸ ನಡೆದಿರುವಾಗಲೇ ಗೂಡು ತೊಳೆಯುವುದು, ಉಗುರು ಕತ್ತರಿಸುವುದು, ಔಷಧಿ ಹಾಕುವುದು ಅನಿವಾರ್ಯ. ದಿನವೂ ಗಳಿಸಿದ ವಿಶ್ವಾಸ ಇಂಥ ಒಂದು ಗಳಿಗೆಯಲ್ಲಿ ಹಾಳಾಗಬಹುದು. ಇದಕ್ಕೆ ಸುಲಭ ಉಪಾಯವೆಂದರೆ ಮೊಲ ತಾನಾಗಿ ಬುಟ್ಟಿಯೊಳಗೆ ಹೋಗುವಂತೆ ರೂಢಿ ಮಾಡುವುದು. ಒಂದು ಅಗಲವಾದ ಬುಟ್ಟಿಯನ್ನು ಅಡ್ಡ ಮಲಗಿಸಿ ಗೂಡಿನಲ್ಲಿಟ್ಟು, ದಿನವೂ ಅದರೊಳಗೇ ಇಷ್ಟದ ಸೊಪ್ಪು ಹಾಕುತ್ತಾ ಬಂದರೆ ಮೊಲ ಅದಕ್ಕೆ ಒಗ್ಗಿಕೊಳ್ಳುತ್ತದೆ. ಆಮೇಲೆ ಬುಟ್ಟಿಯ ಬಾಯಿಗೆ ಬಟ್ಟೆ ಹಿಡಿದು, ಮೊಲವನ್ನು ಮುಟ್ಟದೆಯೇ ಬೇರೆಡೆಗೆ ಸಾಗಿಸಬಹುದು. ಔಷಧಿ ಹಾಕುವ ಜಾಗ ಗೂಡಿನಿಂದ ಬೇರೆಯಾಗಿರಬೇಕು. ಹಾಕುವವರೂ ಮೇವು ಕೊಡುವವರೂ ಬೇರೆಯಾದರೆ ಇನ್ನೂ ಒಳ್ಳೆಯದು.

ಎತ್ತುವ ಸರಿಯಾದ ಕ್ರಮ

ಸಾಧ್ಯವಾದಷ್ಟು ಮೊಲವನ್ನು ಎತ್ತದಿರುವುದೇ ಉತ್ತಮ. ಎತ್ತಲೇಬೇಕಾದಾಗ ಒಂದು ಕೈಯನ್ನು ಮುಂಗಾಲುಗಳ ಹಿಂದೆ ಎದೆಯ ಕೆಳಗೆ ಕೊಡಬೇಕು. ಇನ್ನೊಂದು ಕೈಯಿಂದ ಹಿಂಭಾಗಕ್ಕೆ ಪೂರ್ತಿ ಆಸರೆ ಕೊಡಬೇಕು. ಎತ್ತಿದ ಕೂಡಲೇ ಮೊಲವನ್ನು ಎದೆಗೆ ಒತ್ತಿಕೊಳ್ಳಬೇಕು. ಒದ್ದಾಡುವ ಮೊಲವನ್ನು ಒಂದು ದಪ್ಪ ಟವೆಲಿನಲ್ಲಿ, ತಲೆ ಹೊರಗಿರುವಂತೆ ಸುತ್ತಿ ಎತ್ತುವುದು ಕ್ಷೇಮ. ಗೂಡಿಗೆ ಬಿಡುವಾಗ ಮೊದಲು ಹಿಂಭಾಗ ಒಳಗೆ ಹೋಗುವಂತೆ, ಮುಖ ಹೊರಗಿರುವಂತೆ ಇಳಿಸಬೇಕು. ಮುಖ ಮುಂದಾಗಿ ಬಿಟ್ಟರೆ ಜಿಗಿಯುವ ಭರದಲ್ಲಿ ಬೆನ್ನಿಗೆ ಪೆಟ್ಟಾಗುತ್ತದೆ. ಕಿವಿ ಹಿಡಿದಾಗಲಿ, ಕತ್ತಿನ ಚರ್ಮವೊಂದನ್ನೇ ಹಿಡಿದಾಗಲಿ ತೂಗಾಡಿಸಬಾರದು. ಕಿವಿಯಲ್ಲಿ ನರಗಳೂ ರಕ್ತನಾಳಗಳೂ ತುಂಬಿವೆ, ಭಾರ ಹೊರುವುದಕ್ಕಾಗಿ ಅದು ಇಲ್ಲ.

ಕಚ್ಚುವ ಮೊಲ

ಹಂಪಿಯ ಕಡೆ ಮೊಲವೊಂದು ಬೇಟೆನಾಯಿಗಳನ್ನೇ ಅಟ್ಟಿಸಿಕೊಂಡು ಬಂದಿತೆಂಬ ಐತಿಹ್ಯವನ್ನು ಕನ್ನಡಿಗರೆಲ್ಲ ಬಲ್ಲರು. ಮೂಲೆಗೆ ಸಿಕ್ಕಿಬಿದ್ದ ಮೊಲ ತಿರುಗಿ ಬೀಳುವುದಂತೂ ದಿನನಿತ್ಯದ ಸಂಗತಿ. ಕಚ್ಚಿದ್ದಕ್ಕಾಗಿ ಮೊಲವನ್ನು ಹೊಡೆಯುವುದು, ಮೂತಿಗೆ ತಟ್ಟುವುದು, ನೀರು ಎರಚುವುದು ಇವೆಲ್ಲ ಅದರ ಭಯವನ್ನು ಖಚಿತಪಡಿಸುತ್ತವೆ. ಅಂಥ ಸಂದರ್ಭದಲ್ಲಿ ಕೂಗಾಡದೆ, ನಿಧಾನವಾಗಿ ಕೈ ಹಿಂದಕ್ಕೆ ತೆಗೆದುಕೊಂಡು, ಮರುದಿನ ಒಂದು ಹಂತ ಹಿಂದಿನಿಂದ ಆರಂಭಿಸಬೇಕು. ಗಾಯವನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ ತೊಳೆದು, ಆಳವಾಗಿದ್ದರೆ ವೈದ್ಯರಿಗೆ ತೋರಿಸಬೇಕು.

ಕಚ್ಚುವುದೆಲ್ಲ ಭಯದಿಂದಲೇ ಅಲ್ಲ ಎಂಬುದನ್ನೂ ತಿಳಿದಿರಬೇಕು. ನಾಲ್ಕರಿಂದ ಆರು ತಿಂಗಳಿನಲ್ಲಿ ಪ್ರಾಯಕ್ಕೆ ಬರುವ ಮೊಲ ತನ್ನ ಗೂಡನ್ನು ತನ್ನ ಸೀಮೆಯೆಂದು ಕಾಯತೊಡಗುತ್ತದೆ. ಸುಳ್ಳು ಗಬ್ಬದ ಹೆಣ್ಣು ಮೊಲವೂ ಸಿಡಿಮಿಡಿಗೊಂಡು, ಎದೆಯ ಕೂದಲು ಕಿತ್ತು ಗೂಡು ಕಟ್ಟಲು ತೊಡಗುತ್ತದೆ. ಇದು ಸಾಮಾನ್ಯವಾಗಿ 16ರಿಂದ 18 ದಿನಗಳಲ್ಲಿ ಶಮನವಾಗುತ್ತದೆ. ಇಂಥ ಮೊಲಗಳ ಗೂಡಿಗೆ ಕೈಹಾಕುವ ಮೊದಲು ಅವನ್ನು ಸೊಪ್ಪು ತೋರಿಸಿ ಹೊರಗೆ ಬರಿಸಿ, ಆಮೇಲೆ ಗೂಡಿನ ಕೆಲಸ ಮಾಡಬೇಕು.

ಗಬ್ಬದ ಮೊಲ ಮತ್ತು ಮರಿಗಳು

ಮೊಲದ ಗಬ್ಬದ ಅವಧಿ 30ರಿಂದ 32 ದಿನ. ಸುಮಾರು 27ನೆಯ ದಿನ ಮರಿ ಪೆಟ್ಟಿಗೆಯನ್ನು ಒಣಹುಲ್ಲಿನೊಡನೆ ಗೂಡಿನಲ್ಲಿಟ್ಟ ನಂತರ ಅಪರಿಚಿತರನ್ನು ಅತ್ತ ಬಿಡಬಾರದು. ಗೂಡಿನ ಜಾಗವನ್ನೂ ಬದಲಿಸಬಾರದು. ನೀರು ಸದಾ ಇರಬೇಕು. ಮರಿ ಹಾಕಿದ ಮೇಲೆ ದಿನಕ್ಕೊಮ್ಮೆ ಪೆಟ್ಟಿಗೆ ನೋಡಿ ಸತ್ತ ಮರಿಗಳನ್ನು ತೆಗೆಯುವುದು ಅವಶ್ಯಕ. ಆದರೆ ಇದನ್ನು ಪರಿಚಿತರಾದ ಒಬ್ಬರೇ, ಶುದ್ಧವಾಗಿ ಕೈ ತೊಳೆದು, ತಾಯಿಗೆ ಸೊಪ್ಪು ಕೊಟ್ಟು ಅದು ತಿನ್ನುತ್ತಿರುವಾಗ ಮಾಡಬೇಕು.

ತಾಯಿ ಮೊಲ ಸಾಮಾನ್ಯವಾಗಿ ದಿನಕ್ಕೆ ಒಂದೇ ಸಲ, ಮೂರರಿಂದ ಐದು ನಿಮಿಷ ಮಾತ್ರ ಹಾಲುಣಿಸುತ್ತದೆ. ಉಳಿದ ಹೊತ್ತು ಮರಿಗಳಿಂದ ದೂರವಿರುವುದು ಅದರ ಸ್ವಭಾವವೇ ಹೊರತು ನಿರ್ಲಕ್ಷ್ಯವಲ್ಲ. ಇದನ್ನರಿಯದೆ ತಾಯಿಯನ್ನು ಹಿಡಿದು ಮರಿಗಳ ಮೇಲೆ ಕೂರಿಸಿದರೆ ಅದು ಮತ್ತಷ್ಟು ಬೆದರುತ್ತದೆ. ಮರಿಗಳ ಹೊಟ್ಟೆ ದುಂಡಗಿದ್ದು, ಮೈ ಬೆಚ್ಚಗಿದ್ದರೆ ಹಾಲು ಸಿಕ್ಕಿದೆ ಎಂದು ತಿಳಿಯಬೇಕು.

ಅಂಜಿಕೆಯನ್ನು ಆಮೇಲೆ ಬಿಡಿಸುವುದಕ್ಕಿಂತ ಬಾರದಂತೆ ತಡೆಯುವುದು ಸುಲಭ. ಹುಟ್ಟಿದ ಮೊದಲ ವಾರದಲ್ಲಿ ಹಾಲುಣಿಸುವ ವೇಳೆಯ ಆಸುಪಾಸಿನಲ್ಲಿ ದಿನಕ್ಕೆ ಕೆಲವು ನಿಮಿಷ ಮನುಷ್ಯರ ಕೈ ಸೋಕಿದ ಮರಿಗಳು, ದೊಡ್ಡವಾದ ಮೇಲೂ ಮನುಷ್ಯರಿಗೆ ಕಡಿಮೆ ಅಂಜುತ್ತವೆ ಎಂಬುದು ಪ್ರಯೋಗಗಳಿಂದ ಕಂಡುಬಂದಿದೆ. ಮರಿಗಳ ಕಣ್ಣು ತೆರೆಯುವುದು ಹತ್ತರಿಂದ ಹನ್ನೆರಡನೆಯ ದಿನಕ್ಕೆ. ಅದಕ್ಕೂ ಮುನ್ನವೇ ಅವು ಕೈಯ ವಾಸನೆಯನ್ನು ಗುರುತಿಟ್ಟುಕೊಳ್ಳುತ್ತವೆ. ದಿನವೂ ಪೆಟ್ಟಿಗೆ ಪರೀಕ್ಷಿಸುವ ಕೆಲಸವನ್ನು ಹಾಲುಣಿಸಿದ ಕೂಡಲೇ ಇಟ್ಟುಕೊಂಡರೆ, ಬೇರೆ ಶ್ರಮವಿಲ್ಲದೆ ಎರಡೂ ಕೆಲಸ ಆಗುತ್ತದೆ. ಹೀಗೆ ಬೆಳೆದ ಸಾಧು ಮರಿಗಳನ್ನು ಕೊಂಡವರೂ ಮೆಚ್ಚುತ್ತಾರೆ.

ಮಕ್ಕಳಿಗೆ ತಿಳಿಹೇಳುವುದು

ಮೊಲ ತಂದದ್ದು ಮಕ್ಕಳಿಗಾಗಿಯೇ ಆದರೂ, ಅದರ ಹೊಣೆ ದೊಡ್ಡವರದೇ. ಮಕ್ಕಳು ನೆಲದ ಮೇಲೆ ಕುಳಿತೇ ಮೊಲದೊಡನೆ ಇರಬೇಕು, ನಿಂತು ಎತ್ತಿಕೊಳ್ಳಬಾರದು. ಅಟ್ಟಿಸಿಕೊಂಡು ಹೋಗಬಾರದು. ಪೆಟ್ಟಿಗೆಯೊಳಗೆ ಹೋದ ಮೊಲವನ್ನು ಕರೆಯಬಾರದು. ಈ ಮೂರು ನಿಯಮಗಳನ್ನು ಹೇಳಿಕೊಟ್ಟರೆ ಸಾಕು. ಕಚ್ಚಿಸಿಕೊಂಡ ಮಗುವಿಗೂ ಮೊಲದ ಭಯ ಹತ್ತಿರುತ್ತದೆ. ಸೊಪ್ಪು ಇಟ್ಟು ದೂರ ಕೂರುವ ಮೊದಲ ಹಂತದಿಂದಲೇ ಆ ಮಗುವನ್ನೂ ಜೊತೆಗೆ ಕೂರಿಸಿಕೊಂಡರೆ ಇಬ್ಬರ ಅಂಜಿಕೆಯೂ ಒಟ್ಟಿಗೇ ಕಳೆಯುತ್ತದೆ.

ಬೇಸತ್ತು ಮೊಲವನ್ನು ತೋಟಕ್ಕೋ ಕಾಡಿಗೋ ಬಿಡುವುದು ಮಾತ್ರ ಸಲ್ಲದು. ಗೂಡಿನಲ್ಲಿ ಬೆಳೆದ ಸಾಕುಮೊಲ ಅಲ್ಲಿ ಬದುಕಲಾರದು. ಸಾಕಲು ಆಗದಿದ್ದಲ್ಲಿ ಮೊಲ ಸಾಕುವ ಅನುಭವವಿದ್ದವರಿಗೆ, ಅದರ ಅಂಜಿಕೆಯ ವಿಷಯವನ್ನು ಮುಚ್ಚಿಡದೆ ಹೇಳಿ ಕೊಡಬೇಕು.

ಎಲ್ಲ ಮೊಲಗಳೂ ತೊಡೆಯ ಮೇಲೆ ಕೂರುವಷ್ಟು ಪಳಗುತ್ತವೆ ಎಂದು ನಿರೀಕ್ಷಿಸಬಾರದು. ಕೆಲವು ಮೊಲಗಳು ಕೈಯಿಂದ ಸೊಪ್ಪು ತಿನ್ನುವಷ್ಟಕ್ಕೆ ನಿಲ್ಲುತ್ತವೆ. ಅಷ್ಟಾದರೂ ಅವುಗಳಿಗೆ ಮೇವು ಕೊಡಲು, ಮೈ ಪರೀಕ್ಷಿಸಲು, ಮರಿಗಳನ್ನು ಉಳಿಸಿಕೊಳ್ಳಲು ಸಾಕು. ಮೂಲೆ ಹಿಡಿದಿದ್ದ ಮೊಲ ಒಂದು ಸಂಜೆ ಪೆಟ್ಟಿಗೆಯಿಂದ ಹೊರಬಂದು, ಸೊಪ್ಪಿಲ್ಲದ ಕೈಯನ್ನೂ ಮೂಗಿನಿಂದ ತಟ್ಟಿ ನೋಡಿತೆಂದರೆ ಸಾಕುವವರ ಶ್ರಮ ಫಲಿಸಿತೆಂದು ತಿಳಿಯಬಹುದು. ಅಂದು ಕೂಡ ಅದನ್ನು ಎತ್ತಿಕೊಳ್ಳುವ ಆಸೆಯನ್ನು ತಡೆದುಕೊಂಡು, ಕೈಯನ್ನು ಇದ್ದಲ್ಲೇ ಇಟ್ಟುಕೊಳ್ಳಬೇಕು.